ರೇಡಿಯೇಟರಿನ ಬಿಳಿ ನೀರು

ಎಂ.ಟೆಕ್. ಪದವಿ ಕೈಗೆ ಬಂದ ಹಾಗೆಯೇ ಎಂದು ಆ ಬೇಸಿಗೆಯಲ್ಲಿ ನಾನು ಎಲ್ಲರ ಮುಂದೆ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ನೀರಿಗೆ ಅಲ್ಯೂಮಿನಿಯಂ ಆಕ್ಸೈಡಿನ ನ್ಯಾನೊ ಪುಡಿ ಬೆರೆಸಿದರೆ ಅದು ಇಂಜಿನ್ನಿನ ಶಾಖವನ್ನು ಬರೀ ನೀರಿಗಿಂತ ಚೆನ್ನಾಗಿ ಹೊತ್ತೊಯ್ಯುತ್ತದೆ. ಗ್ರೇಟರ್ ನೋಯ್ಡಾದ ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಅದನ್ನು ತೋರಿಸಿಯಾಗಿತ್ತು. ಹೊರಗಿನ ಪರೀಕ್ಷಕರು ನಿಜವಾದ ಗಾಡಿಯಲ್ಲೂ ನೋಡಬೇಕೆಂದರು. ನಾನೇನು ಹೆದರುವವಳೇ? ಅಪ್ಪನಿಗೆ ಹೇಳದೆ ಅವರ ಹಳೇ ಕಾರಿನ ರೇಡಿಯೇಟರಿಗೆ ಆ ಹಾಲಿನಂಥ ದ್ರವ ಸುರಿದು, ಹತ್ತು ದಿನ ವಸಂತ್ ಕುಂಜ್‌ನ ಮನೆಯಿಂದ ಕಾಲೇಜಿಗೆ ಓಡಿಸಿದೆ. ಸುಡುಬಿಸಿಲಲ್ಲಿ, ಜಾಮಿನಲ್ಲಿ ನಿಂತರೂ ತಾಪದ ಮೀಟರಿನ ಮುಳ್ಳು ಅರ್ಧ ದಾಟಲಿಲ್ಲ. ದಿನವೂ ಬರೆದಿಟ್ಟುಕೊಂಡೆ.

ಅಪ್ಪ ಸೇನೆಯಲ್ಲಿ ಗಾಡಿ ರಿಪೇರಿ ಮಾಡಿ ನಿವೃತ್ತರಾದವರು. ಸಾಹೇಬರು ಗಾಡಿ ನೋಡಲು ಬರುತ್ತಾರೆಂದರೆ ನೀರು, ಆಯಿಲ್ ಎಲ್ಲ ನೋಡಿಯೇ ನಿಲ್ಲಿಸಬೇಕು, ಅದು ಅವರ ಶಿಸ್ತು. ಪರೀಕ್ಷಕರು ಕಾರು ನೋಡುತ್ತಾರೆಂದಷ್ಟೇ ಅವರಿಗೆ ಹೇಳಿದ್ದೆ. ಪರೀಕ್ಷೆಯ ದಿನ ಬೆಳಿಗ್ಗೆ ನಾನು ಕೆಳಗಿಳಿದಾಗ ಕೈ ಒರೆಸಿಕೊಳ್ಳುತ್ತಿದ್ದರು.

“ರೇಡಿಯೇಟರಲ್ಲಿ ಹಾಲಿನ ಥರ ನೀರಿತ್ತು ಕಣೇ. ಆಯಿಲ್ ಸೇರ್ಕೊಂಡಿದೆ ಅಂತ ಎಲ್ಲಾ ಚೆಲ್ಲಿ, ಮೂರು ಸಲ ತೊಳೆದು ಹೊಸ ನೀರು ಹಾಕಿದೀನಿ.”

“ಅಯ್ಯೋ ಅಪ್ಪ, ಅದು ನನ್ನ ಡಿಗ್ರಿ!”

“ಅಚ್ಛಾ? ಹಾಗಾದ್ರೆ ಅದೀಗ ಚರಂಡೀಲಿದೆ.”

ಸಿಟ್ಟಿಗೆ ಮೈಯೆಲ್ಲ ಉರಿಯಿತು. ಮತ್ತೆ ಬೆರೆಸಲು ಪುಡಿ ಉಳಿದಿರಲಿಲ್ಲ. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೀ ನೀರಿನಲ್ಲೇ ಹೊರಟೆ. ದಾರಿಯಲ್ಲಿ ಕಾಳಿಂದಿ ಕುಂಜ್ ಜಾಮಿನಲ್ಲಿ ಮುಳ್ಳು ಈಗ ಏರುತ್ತದೆ, ಆಗ ಏರುತ್ತದೆ ಎಂದು ಕಾದೆ. ಅದು ಅರ್ಧದಲ್ಲೇ ನಿಂತಿತ್ತು. ಆಗ ಹೊಳೆಯಿತು: ಹತ್ತು ದಿನವೂ ತಾಪವನ್ನು ಹಿಡಿದಿಟ್ಟಿದ್ದು ನನ್ನ ದ್ರವವಲ್ಲ, ಒಳಗೆ ಏನೇ ಸುರಿದರೂ ಅದನ್ನು ಒಂದೇ ಮಟ್ಟದಲ್ಲಿಡುವ ಇಂಜಿನ್ನಿನ ಥರ್ಮೋಸ್ಟಾಟ್ ಮತ್ತು ಫ್ಯಾನು. ಅದೇ ರಸ್ತೆಯಲ್ಲಿ ಬರೀ ನೀರು ಹಾಕಿ ಒಂದು ದಿನವಾದರೂ ಓಡಿಸಿ ನೋಡಬೇಕೆಂಬ ಬುದ್ಧಿ ಈ ಜಾಣೆಗೆ ಬಂದಿರಲಿಲ್ಲ.

ಕಾಲೇಜಿನಲ್ಲಿ ಪರೀಕ್ಷಕರು ಮುಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಬಂದು, ಮುಳ್ಳು ನೋಡಿ, ನಿಮ್ಮ ದ್ರವ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ಸಹಿ ಹಾಕಲು ಪೆನ್ನು ತೆಗೆದರು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದಿತ್ತು. ಒಳಗಿರುವುದು ಬರೀ ನೀರು ಸರ್, ಎಂದೆ. ನಡೆದದ್ದನ್ನೆಲ್ಲ ಹೇಳಿದೆ. ಪ್ರಬಂಧದಿಂದ ಕಾರಿನ ಅಧ್ಯಾಯ ತೆಗೆದುಹಾಕಿ ಎಂದರು. ತೆಗೆಯುವುದಿಲ್ಲ, ಪ್ರಯೋಗಾಲಯದಲ್ಲಿ ಗೆದ್ದದ್ದು ಕಾರಿನಲ್ಲಿ ಗೆಲ್ಲಲಿಲ್ಲ ಎಂದೇ ಬರೆಯುತ್ತೇನೆ ಎಂದೆ. ಹಾಗೇ ತಿದ್ದಿ ತನ್ನಿ ಎಂದು ಸಹಿ ಹಾಕಿದರು.

ಹಿಂದಿನ ಸೀಟಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಅಪ್ಪ ವಾಪಸ್ ದಾರಿಯಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು: “ನಾನಾಗಿದ್ರೆ ಸುಮ್ಮನಿದ್ದುಬಿಡ್ತಿದ್ದೆ ಕಣೇ.”