ತೆರೆ ಹಿಡಿದ ಮಧ್ಯಾಹ್ನ

ತೊಂಬತ್ತರ ದಶಕದಲ್ಲಿ ಪೆನ್ನಾಗರಂನ ತೆರುಕೂತ್ತು ಬಯಲಾಟದಲ್ಲಿ ರಾಣಿ ವೇಷವನ್ನೂ ಗಂಡಸರೇ ಕಟ್ಟುತ್ತಿದ್ದರು. ನನ್ನ ಮೊಮ್ಮಗಳು ಮೊದಲ ಸಲ ಅದನ್ನು ಕಟ್ಟಿದ ಮಧ್ಯಾಹ್ನ ನಮ್ಮವರೇ ಹಗೆಗಳಾದರು. ವೇಷಧಾರಿ ತೆರೆಯ ಹಿಂದೆ ನಿಂತು ಹಾಡಿದ ಮೇಲೆಯೇ ಜನರಿಗೆ ಮುಖ ತೋರಿಸಬೇಕು. ತೆರೆ ಹಿಡಿಯಬೇಕಿದ್ದ ನನ್ನ ಮೈದುನರಿಬ್ಬರೂ ಅದನ್ನು ನೆಲಕ್ಕೆ ಎಸೆದರು.

“ಎಣ್ಣುಡ್ಗಿ ಕುಣಿಯಾಕೆ ನಾವು ತೆರೆ ಇಡೀಬೇಕಾ? ಮಾನ ಓಯ್ತದೆ ಅತ್ತಿಗೆ,” ಎಂದ ದೊಡ್ಡವನು.

“ನಿನ್ ಮಾನ ಈ ಬಟ್ಟೇಲಿ ಐತೇನ್ಲಾ? ಆಚೆ ಓಗು,” ಎಂದೆ.

ಒಂದು ತುದಿ ನಾನು ಹಿಡಿದೆ, ಇನ್ನೊಂದು ನನ್ನ ಸೊಸೆ. ಜನರ ಬೈಗುಳ ನಿಲ್ಲಲೇ ಇಲ್ಲ. ಆದರೂ ಮೊಮ್ಮಗಳು ಹಾಡು ಮುಗಿಸಿ, ನಾವು ತೆರೆ ಇಳಿಸಿದ ಕೂಡಲೇ ಕುಣಿಯುತ್ತ ಮುಂದೆ ಬಂದಳು. ಎದೆ ತುಂಬಿ ಬಂದು ನಾನು ರಂಗದ ನಡುವೆಯೇ ನಿಂತುಬಿಟ್ಟೆ.

“ಅಜ್ಜಿ, ಪಕ್ಕಕ್ಕೋಗು,” ಎಂದು ರಾಣಿ ಗದರಿದಳು.