ಜಾಣಕಿವುಡು

ಡೈನೋಸಾರ್‌ಗಳಿಗೆ ಏನು ಕೇಳುತ್ತಿತ್ತು, ಏನು ಕೇಳುತ್ತಿರಲಿಲ್ಲ ಎಂಬುದನ್ನು ನಾನು ತಿಳಿದದ್ದು ಹಾಸನದಲ್ಲಿ, ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ. ಯುದ್ಧದ ಕಾಲ. ಜೀವಶಾಸ್ತ್ರದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ತಲೆಬುರುಡೆಯೊಂದನ್ನು ಬರೆದು, ಕಿವಿಯ ಜಾಗದಲ್ಲಿ ಒಂದು ತೂತು ಬಿಟ್ಟರು. ಕಿವಿ ಕೊಳೆತುಹೋಗಿದೆ, ಅದು ಕೂತಿದ್ದ ಪೊಟರೆ ಮಾತ್ರ ಕಲ್ಲಾಗಿ ಉಳಿದಿದೆ. ಅದನ್ನು ಮೊಸಳೆಯ, ಹಕ್ಕಿಯ ಕಿವಿಗೆ ಹೋಲಿಸಿ ಊಹಿಸಬೇಕು ಎಂದರು. ಗುಡುಗು, ಜೊತೆಯ ಪ್ರಾಣಿಯ ಹೂಂಕಾರ, ಇಂಥ ದಪ್ಪ ಸದ್ದು ಅದಕ್ಕೆ ಕೇಳಿಸಿರಬೇಕು. ಜೀರುಂಡೆಯಂಥ ಸಣ್ಣ ಸದ್ದು ಬಹುಶಃ ಇಲ್ಲ. ಪೂರ್ತಿ ಕಿವುಡೇನಲ್ಲ, ಅರ್ಧ ಲೋಕ ಮಾತ್ರ ಅದಕ್ಕೆ ಸದ್ದಿಲ್ಲದ್ದು.

ಆಗ ನನಗೆ ಅತ್ತಿಗೆಯ ನೆನಪಾಯಿತು. ಹೀಗೆ ಬರೆದರೆ ವಾಕ್ಯ ಚೆನ್ನಾಗಿ ಕೂರುತ್ತದೆ, ಅದಕ್ಕೇ ಅನುಮಾನ. ನೆನಪಾದದ್ದು ನಿಜಕ್ಕೂ ಆ ತರಗತಿಯಲ್ಲೋ, ಅಥವಾ ಎಲ್ಲ ಮುಗಿದ ಮೇಲೆ ನಾನೇ ಹಿಂದಕ್ಕೆ ಹೋಗಿ ಜೀರುಂಡೆಯನ್ನು ಮೇಷ್ಟ್ರ ಬಾಯಿಗೆ ಹಾಕಿದೆನೋ, ಹೇಳಲಾರೆ. ಪಾಠ ಕೇಳಿದ ತಕ್ಷಣ ಊರಿಗೆ ಓಡಲಿಲ್ಲ ಎಂಬುದು ಮಾತ್ರ ಖಂಡಿತ. ಓಡಿದ್ದರೆ ಅತ್ತಿಗೆ ಅಷ್ಟು ದಿನ ತವರಲ್ಲಿ ಕೂರಬೇಕಾಗಿರಲಿಲ್ಲ.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಬಾಗೂರಿನಿಂದ ಹೊಳೆನರಸೀಪುರದ ನಮ್ಮ ಮನೆಗೆ ಬಂದವರು. ನಮ್ಮಲ್ಲಿ ಸೊಸೆ ತಲೆಯ ಮೇಲೆ ಸೆರಗು ಹೊದ್ದು, ಕಣ್ಣು ನೆಲಕ್ಕಿಟ್ಟು ಓಡಾಡಬೇಕು. ಅತ್ತೆಯ ಮುಖ ನೋಡಿ ಮಾತು ಕೇಳಿಸಿಕೊಂಡರೆ ಎದುರು ನಿಂತಳು ಎಂದು ಅರ್ಥ. ಅಪ್ಪ ಜಗಲಿಯಲ್ಲಿ ಕೆಮ್ಮಿದರೆ ಸಾಕು, ಅತ್ತಿಗೆ ನೀರಿನ ಚೊಂಬು ಹಿಡಿದು ಬರುತ್ತಿದ್ದರು. ಅವ್ವನದು ಕೀಚು ಗಂಟಲು. ಪಕ್ಕದಲ್ಲೇ ನಿಂತು ಕರೆದರೂ ಅತ್ತಿಗೆ ತಿರುಗುತ್ತಿರಲಿಲ್ಲ. ಅವ್ವ ಅದಕ್ಕೆ ಜಾಣಕಿವುಡು ಎಂದಳು. ಬೇಕಾದ್ದಕ್ಕೆ ಕಿವಿ, ಬೇಡದ್ದಕ್ಕೆ ಕಲ್ಲು. ಅಣ್ಣನ ದನಿಯೂ ಅಪ್ಪನಂತೆಯೇ ದಪ್ಪ. ಅವನ ಮಾತೆಲ್ಲ ಹೆಂಡತಿಗೆ ಕೇಳುತ್ತಿದ್ದುದರಿಂದ ಅವನೂ ಅವ್ವನ ಮಾತನ್ನೇ ನಂಬಿದ. ನಾನೂ ಆ ಪದವನ್ನು ಆಡಿ ನಕ್ಕವನು.

ಒಂದು ದಿನ ಅವ್ವ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡು ಕೂಗಿದಳು. ಅಡುಗೆಮನೆಯಿಂದ ಯಾರೂ ಬರಲಿಲ್ಲ. ಆಮೇಲೆ ಕೊಟ್ಟಿಗೆಯಲ್ಲಿ ಹಸು ಅಂಬಾ ಎಂದಿತು. ಅತ್ತಿಗೆ ಕಲಗಚ್ಚಿನ ಬಕೀಟು ಹಿಡಿದು ಹೊರಗೆ ಬಂದರು.

"ಅಸ ಕೂಗುದ್ರೆ ಕೇಳ್ತದೆ, ಅತ್ತೆ ಕೂಗುದ್ರೆ ಕೇಳಕಿಲ್ಲ" ಎಂದು ಅವ್ವ ಬೀದಿಗೆಲ್ಲ ಹೇಳಿದಳು. ಮಾರನೆಯ ದಿನ, ನಾನು ಹಾಸನದಿಂದ ಊರಿಗೆ ಬಂದ ಹೊತ್ತಿಗೇ, ಅತ್ತಿಗೆಯನ್ನು ಬಾಗೂರಿಗೆ ಕಳಿಸಿದರು. ತಿಂಗಳುಗಳು ಕಳೆದವು. ಅಣ್ಣನಿಗೆ ಅರಕಲಗೂಡಿನ ಕಡೆ ಇನ್ನೊಂದು ಹೆಣ್ಣು ನೋಡುವ ಮಾತೆದ್ದಿತು.

ಮುಂದಿನ ರಜಕ್ಕೆ ಬಂದಾಗ ನಾನು ಬಾಯಿ ಬಿಟ್ಟೆ. ಡೈನೋಸಾರ್ ಎಂದರೆ ಅವ್ವನಿಗೆ ಏನು ತಿಳಿಯಬೇಕು? ಆನೆಗಿಂತ ದೊಡ್ಡ ಹಲ್ಲಿ, ಅದಕ್ಕೆ ದಪ್ಪ ಸದ್ದು ಮಾತ್ರ ಕೇಳುತ್ತಿತ್ತು, ಕೆಲವು ಮನುಷ್ಯರ ಕಿವಿಯೂ ಹಾಗೇ ಇರಬಹುದು ಎಂದೆ.

"ನನ್ ಸೊಸೇನ ಗೋಡೆ ಮ್ಯಾಲಿನ್ ಅಲ್ಲಿ ಮಾಡ್ತೀಯೇನ್ಲಾ" ಎಂದಳು. ಆಮೇಲೆ ಮೊರ ಕೆಳಗಿಟ್ಟಳು. "ಅದುಕ್ಕೇ ಕಣ್ಲಾ, ಅವ್ಳು ಒಗ್ಗರಣೆ ಆಕುದ್ರೆ ದಿನಾ ಸಾಸ್ವೆ ಸೀದೋಗದು. ಚಟಚಟ ಅನ್ನದು ಅವ್ಳಿಗೆ ಕೇಳ್ತಾನೇ ಇರ್ನಿಲ್ಲ."

ಸಾಸಿವೆ ಸೀಯಿಸಿದ್ದಕ್ಕೂ ಅವ್ವ ಬೈದಿದ್ದಳು, ತವರಿನವರನ್ನೂ ಸೇರಿಸಿ. ಅಂದು ಅವಳು ಊಟಕ್ಕೆ ಏಳಲಿಲ್ಲ. ಮರುದಿನದಿಂದ ದನಿಯನ್ನು ಎದೆಗೆ ಇಳಿಸಿ ಮಾತಾಡುವುದನ್ನು ಕಲಿಯತೊಡಗಿದಳು. ನಮ್ಮನೇಲಿ ಇನ್ನೊಬ್ಬ ಗಂಡಸು ಸೇರಿಕೊಂಡಿದ್ದಾನೆ ಎಂದು ಅಪ್ಪ ತಮಾಷೆ ಮಾಡಿದರು. ಅವ್ವ ನಗಲಿಲ್ಲ.

ಯುದ್ಧಕ್ಕೆ ಪೆಟ್ರೋಲು ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋಗಿ, ಅಲ್ಲಿಂದ ಬಾಡಿಗೆ ಗಾಡಿ ಹಿಡಿದು ಬಾಗೂರು ತಲುಪಿದೆವು, ಅವ್ವ ಮತ್ತು ನಾನು. ಅಣ್ಣ ಬರಲಿಲ್ಲ, ನಾಚಿಕೆಯೋ ಹಟವೋ. ಅತ್ತಿಗೆ ಹೊಟ್ಟೆ ಕಾಣುವ ಬಸುರಿ. ಬಾಗೂರಿನವರು ಸಿಟ್ಟಿಗೆ ಹೇಳಿಯೂ ಕಳಿಸಿರಲಿಲ್ಲ. ಆ ಮನೆಯವರು ಯಾರೂ ನಮ್ಮನ್ನು ಕೂರಿ ಎನ್ನಲಿಲ್ಲ. ಅವ್ವ ಕಲಿತು ತಂದಿದ್ದ ದಪ್ಪ ದನಿಯಲ್ಲಿ, ಮನೆಗೆ ಬಾ ಎಂದಳು.

ಅತ್ತಿಗೆ ಮೊದಲ ಸಲ ತಲೆಯೆತ್ತಿ ಅವ್ವನ ಮುಖ ನೋಡಿದರು.

"ನಿಮ್ಮನೆ ಎಂಗಸ್ರು ಬಾಯೊಳಗೇ ಮಾತಾಡ್ಕತಾರೆ, ಅದೇ ಅಲ್ಲಿನ್ ಪದ್ಧತಿ ಅನ್ಕಂಡಿದ್ದೆ ಅತ್ತೆಮ್ಮ" ಎಂದರು. ಸ್ವಲ್ಪ ತಡೆದು ಕೇಳಿದರು: "ಅವತ್ತು ನಾನು ಒಸ್ಲು ದಾಟ್ವಾಗ ನಿಮ್ ಬಾಯಿ ಆಡ್ತಿತ್ತು. ಏನಂದ್ರಿ?"

ಅವ್ವ ಅಂದದ್ದನ್ನು ಅಂದು ಬಾಗಿಲಲ್ಲೇ ಇದ್ದ ನಾನು ಕೇಳಿದ್ದೆ. ನಿನ್ನ ಹೊಟ್ಟೆಯಲ್ಲಿ ಹುಟ್ಟುವುದೂ ಕಿವುಡೇ ಆಗಲಿ.

ಅವ್ವ ಮುಚ್ಚಿಡಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅದನ್ನೇ ಹೇಳಿದಳು, ಪೂರ್ತಿ. ಆದರೆ ಅಳು ಬಂದು ಅವಳ ದನಿ ಮತ್ತೆ ಕೀಚಲಾಗಿ ಮೇಲಕ್ಕೆ ಹೋಗಿತ್ತು. ಅತ್ತಿಗೆಗೆ ತಲುಪಲಿಲ್ಲ. ಅವರು ನನ್ನ ಕಡೆ ತಿರುಗಿದರು.

"ಏನಂದ್ರು? ನೀವಾರ ಯೋಳಿ, ನಿಮ್ದು ಕೇಳ್ತದೆ."

"ಉಸಾರಾಗಿ ಓಗವ್ವ ಅಂದ್ರಂತೆ" ಎಂದೆ.

ನನ್ನ ದನಿ ಎಷ್ಟು ದಪ್ಪ, ಎಷ್ಟು ಸ್ಪಷ್ಟ ಇತ್ತೆಂಬುದರಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಇಲ್ಲ. ಅತ್ತಿಗೆ ಅಷ್ಟೇನಾ ಎಂದು ನಕ್ಕು, ಸೀರೆಗಳನ್ನು ಗಂಟು ಕಟ್ಟಿಕೊಳ್ಳಲು ಒಳಗೆ ಹೋದರು. ಅವ್ವ ಬಾಯಿಂದ ಸೆರಗು ತೆಗೆದಳು. ನನ್ನನ್ನು ತಿದ್ದಲಿಲ್ಲ, ನನ್ನ ಮುಖ ನೋಡಲೂ ಇಲ್ಲ.

ಚನ್ನರಾಯಪಟ್ಟಣದವರೆಗೆ ಗಾಡಿಯಲ್ಲಿ ಮೂವರೂ ಒತ್ತಿಕೊಂಡು ಕೂತಿದ್ದೆವು. ದಾರಿಯುದ್ದಕ್ಕೂ ಮಾತಾಡಿದ್ದು ಅತ್ತಿಗೆಯೊಬ್ಬರೇ.