ಲಿಂಗೈಕ್ಯರಾದವರು ಆಫೀಸಿಗೆ ಬಂದರು

ಆಳಂದದಲ್ಲಿ ನಮ್ಮ ಲಿಂಗಾಯತ ಸಮಾಜದ ವಾರಪತ್ರಿಕೆಯೊಂದನ್ನು ನಾನು ನಡೆಸುತ್ತೇನೆ. ಸಂಪಾದಕ ಅಂತ ಹೆಸರೇನೋ ದೊಡ್ಡದು. ತಲೆ ಕೆಡಿಸಿಕೊಂಡು ಬರೆದ ಸಂಪಾದಕೀಯವನ್ನು ಇಷ್ಟು ವರ್ಷಗಳಲ್ಲಿ ಒಬ್ಬರೂ ಓದಿದ್ದು ಕಾಣೆ. ಎಲ್ಲರೂ ನೇರ ಕೊನೆಯ ಪುಟ ತೆರೆಯುತ್ತಾರೆ: ಯಾರ ಮದುವೆ, ಯಾರು ಲಿಂಗೈಕ್ಯ. ಅಫಜಲಪುರ, ಜೇವರ್ಗಿಯವರೆಗೂ ಪತ್ರಿಕೆ ಓಡುವುದು ಆ ಪುಟದ ಮೇಲೆಯೇ.

ಕಳೆದ ವರ್ಷ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಕಳಿಸಿದವನು ಜಿಡಗಾದಲ್ಲಿ ಪತ್ರಿಕೆ ಹಂಚುವವನು. ಕೆಳಗೆ ಹೆಸರೊಂದನ್ನೇ ಬರೆದಿದ್ದ. ಗೋಡೆಗೆ ಒರಗಿ ಕೂತ ಅಜ್ಜಿ, ಹಣೆ ತುಂಬ ವಿಭೂತಿ, ಕೊರಳ ತುಂಬ ಮಾಲೆ, ಮುಚ್ಚಿದ ಕಣ್ಣು. ನಮ್ಮಲ್ಲಿ ತೀರಿಕೊಂಡವರನ್ನು ಹೀಗೆಯೇ ಕೂರಿಸುತ್ತಾರೆ. ಆಕೆಯ ಗಂಡುಮಕ್ಕಳಿಬ್ಬರೂ ನನಗೆ ಗೊತ್ತು. ದೀಪಾವಳಿಗೆ ಜಾಹೀರಾತು ಕೊಡುವವರು. ದುಃಖದಲ್ಲಿದ್ದಾರೆ, ಫೋನ್ ಮಾಡಿ ಏಕೆ ಕಾಡಬೇಕು ಎಂದುಕೊಂಡು, ‘ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳನ್ನು ಅಗಲಿದ್ದಾರೆ’ ಎಂದು ಅಚ್ಚು ಹಾಕಿಸಿಬಿಟ್ಟೆ.

ಪತ್ರಿಕೆ ಊರೂರು ತಲುಪಿತು. ಆಮೇಲೆ ಒಂದು ಮಧ್ಯಾಹ್ನ ತಲೆ ಎತ್ತಿದರೆ ಆಫೀಸಿನ ಬಾಗಿಲಲ್ಲಿ ಅದೇ ಅಜ್ಜಿ! ಕೊನೆಯ ಪುಟ ತೆರೆದು ಫೋಟೊ ಇನ್ನೊಮ್ಮೆ ನೋಡಿದೆ.

“ಎಂಬತ್ತು ತುಂಬ್ತು ಅಂತ ಮೊಮ್ಮಕ್ಕಳು ಮಾಲಿ ಹಾಕಿದ್ರು. ಲಿಂಗಪೂಜಿಗೆ ಕಣ್ಣು ಮುಚ್ಚಿದ್ದೆ. ನೀ ಪೂರಾ ಮುಚ್ಚಿಸಿಬಿಟ್ಟಿ ನೋಡಪಾ,” ಎಂದರು.

“ತಪ್ಪಾತ್ರಿ ಅವ್ವಾರ. ಮುಂದಿನ ವಾರ ತಿದ್ದುಪಡಿ ಹಾಕ್ತೇನಿ,” ಎಂದು ಕೈ ಮುಗಿದೆ.

“ಹಾಕು. ಆದ್ರ ಅದರಾಗ ನನ್ನ ಮಗಳನ್ನೂ ಹಾಕು.”

ನಾನು ಮತ್ತೆ ದಂಗಾದೆ. ಆ ಮನೆಯಲ್ಲಿ ಮಗಳೊಬ್ಬಳಿದ್ದಾಳೆ ಎಂದೇ ಕೇಳಿರಲಿಲ್ಲ. ಜೇವರ್ಗಿಯ ಮುಸ್ಲಿಂ ಹುಡುಗನನ್ನು ಮದುವೆಯಾದಳೆಂದು ಅಣ್ಣಂದಿರು ಆಕೆಯ ಹೆಸರು ಎತ್ತದಂತೆ ಮಾಡಿದ್ದರಂತೆ. ಅಲ್ಲಿ ಯಾರೋ ನನ್ನ ಪತ್ರಿಕೆ ತೋರಿಸಿದ್ದಾರೆ. ಆಕೆ ಅಳುತ್ತ ಬಸ್ಸು ಹಿಡಿದು ಬಂದರೆ, ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಾಳೆ! ಅಲ್ಲೇ ಕುಸಿದುಬಿದ್ದಳಂತೆ.

“ನಾ ಸತ್ತೆ ಅಂತ ಬಂದ್ಳು. ಇಲ್ಲಾಂದ್ರ ಆಕಿ ಮಾರಿ ಎಲ್ಲಿ ನೋಡ್ತಿದ್ದೆ?” ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ನನಗೆ ಸಿಟ್ಟು ನೆತ್ತಿಗೇರಿತು. ಬದುಕಿದ್ದವರನ್ನು ಸಾಯಿಸುವ ಕೆಲಸ ಅಣ್ಣಂದಿರು ನನಗಿಂತ ಮೊದಲೇ ಮಾಡಿದ್ದರು, ಅದೂ ಕಣ್ತಪ್ಪಿನಿಂದಲ್ಲ. ಜಾಹೀರಾತು ಹೋದರೆ ಹೋಗಲಿ ಎಂದುಕೊಂಡು, ‘ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು, ಮೊಮ್ಮಕ್ಕಳೊಂದಿಗೆ ಕ್ಷೇಮವಾಗಿದ್ದಾರೆ’ ಎಂದು ಹಾಕಿದೆ.

ಪತ್ರಿಕೆ ತಲುಪಿದ ಬೆಳಿಗ್ಗೆಯೇ ಹಿರಿಯ ಮಗನ ಫೋನು.

“ಮಗಳು ಅಂದ್ರ ಯಾರ್ರಿ? ನಮಗ ತಂಗಿ ಇಲ್ಲ. ಇದಕ್ಕ ಇನ್ನೊಂದು ತಿದ್ದುಪಡಿ ಹಾಕ್ರಿ!”

ನಾನು ಬಾಯಿ ತೆರೆಯುವಷ್ಟರಲ್ಲಿ ಆತನ ಹಿಂದಿನಿಂದ ಅಜ್ಜಿಯ ದನಿ ಕೇಳಿಸಿತು.

“ಆಕಿ ಇಲ್ಲಂದ್ರ, ಮೊದಲ ಹಾಕಿದ್ದೇ ಇರ್ಲಿ ಅಂತ ಹೇಳು. ನಾನೂ ಇಲ್ಲ.”